ಟೆರಾಹರ್ಟ್ಸ್ ಸ್ಪೆಕ್ಟ್ರೋಮೀಟರ್: ಯಂತ್ರ ಒಳ್ಳೆಯದು, ಸಾಫ್ಟ್‌ವೇರ್ ನಂಬಬೇಡಿ

ಬ್ಯಾಂಡ್‌ವಿಡ್ತ್, ಡೈನಮಿಕ್ ರೇಂಜ್ ಎಲ್ಲಾ ಬ್ರೋಷರ್‌ನಲ್ಲೇ ಇದೆ, ಬಿಟ್ಟುಬಿಡೋಣ. ಬೆಂಗಳೂರಿನ ನಮ್ಮ ಲ್ಯಾಬ್‌ನಲ್ಲಿ ಕೆಲವು ವರ್ಷಗಳಿಂದ ಈ ಟೈಮ್-ಡೊಮೈನ್ ಯಂತ್ರವನ್ನು (ಟೆರಾಹರ್ಟ್ಸ್ ಅಲೆಯ ಪುಟ್ಟ ಪಲ್ಸ್ ಹಾಯಿಸಿ, ಅದು ಯಾವಾಗ, ಯಾವ ಆಕಾರದಲ್ಲಿ ಹೊರಬಂತು ಅಂತ ನೋಡುವಂಥದ್ದು) ನಿಯೋಬಿಯಂ ನೈಟ್ರೈಡ್ ಫಿಲ್ಮ್‌ಗಳನ್ನು ಅಳೆಯಲು ಬಳಸುತ್ತಿದ್ದೇನೆ. ಚೆನ್ನಾಗಿ ತಣ್ಣಗಾದರೆ ಇವು ಸೂಪರ್‌ಕಂಡಕ್ಟರ್, ಅಂದರೆ ರೆಸಿಸ್ಟೆನ್ಸ್ ಇಲ್ಲದೆ ಕರೆಂಟ್ ಹರಿಸುವ ವಸ್ತು, ಆಗುತ್ತವೆ. ನನ್ನ ತಕರಾರು ಒಂದೇ: ಅದರ ಜೊತೆ ಬಂದ ಅನಾಲಿಸಿಸ್ ಸಾಫ್ಟ್‌ವೇರ್.

ಫಿಲ್ಮ್ ಇರುವ ಸಬ್‌ಸ್ಟ್ರೇಟು (ಫಿಲ್ಮ್‌ಗೆ ಆಧಾರವಾದ ಕೆಳಗಿನ ತುಂಡು), ಹೋಲಿಕೆಗೆ ಇಟ್ಟ ಖಾಲಿ ಸಬ್‌ಸ್ಟ್ರೇಟು, ಎರಡೂ ಒಂದೇ ದಪ್ಪ ಅಂತ ಅದು ತಾನೇ ತೀರ್ಮಾನಿಸಿಬಿಡುತ್ತದೆ. ಬೇರೆ ಬೇರೆ ದಪ್ಪ ತುಂಬೋಕೆ ಜಾಗವೇ ಇಲ್ಲ. ಫಿಲ್ಮ್ ಬರೀ 20 ನ್ಯಾನೋಮೀಟರ್, ಕೆಳಗಿನ ಮೆಗ್ನೀಸಿಯಂ ಆಕ್ಸೈಡ್ ಅರ್ಧ ಮಿಲಿಮೀಟರ್. ಎರಡು ತುಂಡುಗಳ ನಡುವೆ 1 ಮೈಕ್ರಾನ್ ವ್ಯತ್ಯಾಸ ಇದ್ದರೂ 1 ಟೆರಾಹರ್ಟ್ಸ್‌ನಲ್ಲಿ ಫೇಸ್, ಅಂದರೆ ಅಲೆಯ ಏರಿಳಿತದ ಸ್ಥಾನ, ಎರಡೂವರೆ ಡಿಗ್ರಿ ಸರಿಯುತ್ತದೆ, 10 ಮೈಕ್ರಾನ್ ಆದರೆ 25 ಡಿಗ್ರಿ. ಸೂಪರ್‌ಕಂಡಕ್ಟರಿನಲ್ಲಿ ಕರೆಂಟ್ ಹೊರುವ ಎಲೆಕ್ಟ್ರಾನ್ ಜೋಡಿಗಳ ಲೆಕ್ಕ ಕೊಡುವ ಸಿಗ್ಮಾ-2 (ಕಂಡಕ್ಟಿವಿಟಿಯ ಎರಡನೇ ಭಾಗ) ಸಿಗೋದೇ ಈ ಫೇಸ್‌ನಿಂದ ಅಲ್ವಾ? 20 ಕೆಲ್ವಿನ್‌ನಲ್ಲಿ ಫಿಲ್ಮ್ ಇನ್ನೂ ಮಾಮೂಲಿ ಲೋಹ, ಸಿಗ್ಮಾ-2 ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಸಾಫ್ಟ್‌ವೇರ್ ದೊಡ್ಡ ಮೈನಸ್ ಬೆಲೆ ತೋರಿಸಿ ಸುಮ್ನೆ ಕೂರುತ್ತದೆ, ಒಂದು ಎಚ್ಚರಿಕೆಯೂ ಇಲ್ಲ. ಹೊಸ ವಿದ್ಯಾರ್ಥಿಗಳು ಅದನ್ನೇ ನಂಬಿ ಗ್ರಾಫ್ ಹಾಕಿಕೊಂಡು ಬಂದಾಗ ತಯಾರಕರ ಮೇಲೆ ನಿಜಕ್ಕೂ ಸಿಟ್ಟು ಬರುತ್ತದೆ.

ಪುಣ್ಯಕ್ಕೆ ಕಚ್ಚಾ ಡೇಟಾ ಪೂರ್ತಿ ಹೊರಗೆ ತೆಗೆಯಬಹುದು. ಈಗ ಖಾಲಿ ಸಬ್‌ಸ್ಟ್ರೇಟಿನ ಗೊಡವೆಗೇ ಹೋಗಲ್ಲ. ಅದೇ ಫಿಲ್ಮನ್ನು 20 ಕೆಲ್ವಿನ್‌ನಲ್ಲಿ ಒಮ್ಮೆ, ಸೂಪರ್‌ಕಂಡಕ್ಟರ್ ಆದ ಮೇಲೆ 5 ಕೆಲ್ವಿನ್‌ನಲ್ಲಿ ಒಮ್ಮೆ ಅಳೆದು ಭಾಗಿಸುತ್ತೇನೆ, ದಪ್ಪದ ಜಗಳ ಅಲ್ಲಿಗೆ ಮುಗೀತು. ಮಾಮೂಲಿ ಸ್ಥಿತಿಯ ಕಂಡಕ್ಟಿವಿಟಿಯನ್ನು ಫೋರ್-ಪ್ರೋಬ್ (ನಾಲ್ಕು ಕಡೆ ತಾಗಿಸಿ ಅಳೆಯುವ) ರೆಸಿಸ್ಟೆನ್ಸ್‌ನಿಂದ ತಗೊಂಡರಾಯಿತು.

ಹೀಗೆ ಬಳಸೋಕೆ ಶುರು ಮಾಡಿದ ಮೇಲೆ ಯಂತ್ರದ ಮೇಲೆ ಪ್ರೀತಿ ಬಂದಿದೆ. ಬೆಳಿಗ್ಗೆ ಬಂದ ತಕ್ಷಣ ಫಿಲ್ಮ್ ತಣ್ಣಗಾಗಿಸುವ ಕಂಪ್ರೆಸರ್ ಹಾಕಿ, ಪೆಟ್ಟಿಗೆ ಮುಚ್ಚಿ, ಒಣ ನೈಟ್ರೋಜನ್ ಬಿಟ್ಟು ಪರದೆ ಮುಂದೆ ಕೂರುತ್ತೇನೆ. ಪಲ್ಸ್‌ನ ಹಿಂದೆ ಸಣ್ಣಗೆ ನಡುಗುವ ಬಾಲ ನೀರಾವಿಯದು, ಅದು ನಿಧಾನಕ್ಕೆ ಸಪಾಟಾಗುತ್ತದೆ. ಮಳೆಗಾಲದಲ್ಲಿ ಜಾಸ್ತಿ ಹೊತ್ತು ಬೇಕು, ಆತುರಪಡಬೇಡಿ. 1.1 ಟೆರಾಹರ್ಟ್ಸ್ ಹತ್ತಿರದ ನೀರಾವಿ ಗೆರೆಗಳು ಈ ಫಿಲ್ಮ್‌ನ ಎನರ್ಜಿ ಗ್ಯಾಪ್ (ಎಲೆಕ್ಟ್ರಾನ್ ಜೋಡಿ ಒಡೆಯಲು ಬೇಕಾದ ಶಕ್ತಿ) ಪಕ್ಕದಲ್ಲೇ ಬರುತ್ತವೆ. ಆಮೇಲೆ ಫಿಲ್ಮ್ ತಣ್ಣಗಾಗಿ ಸೂಪರ್‌ಕಂಡಕ್ಟರ್ ಆಗುತ್ತಿದ್ದ ಹಾಗೇ ಪಲ್ಸ್‌ನ ಆಕಾರ ಕಣ್ಣೆದುರೇ ಬದಲಾಗಿ, ಅದರ ತುದಿ ಚೂರು ಮುಂಚೆಯೇ ಬರತೊಡಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಖುಷಿಯೇ. ಭೌತವಿಜ್ಞಾನಿಗಳಾದ ಗ್ಲೋವರ್ ಮತ್ತು ಟಿಂಕಮ್ 1956-57ರಲ್ಲಿ ಸೀಸ, ತವರದ ಫಿಲ್ಮ್‌ಗಳಲ್ಲಿ ಈ ಗ್ಯಾಪ್ ಹುಡುಕಿದಾಗ ಅವರ ಕೈಗೆ ಸಿಕ್ಕಿದ್ದು ದಾಟಿಬಂದ ಬೆಳಕಿನ ತೀವ್ರತೆ ಮಾತ್ರ, ಫೇಸನ್ನು ಲೆಕ್ಕದಿಂದ ಕಟ್ಟಬೇಕಿತ್ತು. ಇಲ್ಲಿ ಅದು ನೇರವಾಗಿ ಪರದೆ ಮೇಲಿದೆ.

ಯಂತ್ರಕ್ಕೆ ನಾಲ್ಕೂವರೆ ಸ್ಟಾರ್, ಸಾಫ್ಟ್‌ವೇರ್‌ಗೆ ಒಂದು. ಅದರ ವಾರ್ಷಿಕ ಕರಾರು ಈ ಸಲ ಮುಂದುವರಿಸಿಲ್ಲ, ಆ ದುಡ್ಡಲ್ಲಿ ನೈಟ್ರೋಜನ್ ಸಿಲಿಂಡರ್ ತರಿಸಿದೆವು. ಕೊಳ್ಳುವವರಿಗೆ ಇನ್ನೊಂದು ಮಾತು: ಸಬ್‌ಸ್ಟ್ರೇಟ್ 1 ಮಿಲಿಮೀಟರ್ ದಪ್ಪದ್ದೇ ತಗೊಳ್ಳಿ. ಅರ್ಧ ಮಿಲಿಮೀಟರಿನಲ್ಲಿ ಪಲ್ಸ್ ಒಳಗೇ ಬಡಿದು ಬರುವ ಪ್ರತಿಧ್ವನಿ ಸುಮಾರು 10 ಪಿಕೋಸೆಕೆಂಡಿಗೇ ಬಂದುಬಿಡುತ್ತದೆ, ಡೇಟಾವನ್ನು ಅಲ್ಲಿಗೇ ಕತ್ತರಿಸಿದರೆ ಫ್ರೀಕ್ವೆನ್ಸಿ ರೆಸಲ್ಯೂಷನ್ 0.1 ಟೆರಾಹರ್ಟ್ಸ್‌ಗೆ ನಿಲ್ಲುತ್ತದೆ.