ಬೋಯಿಂಕ್ ಜೊತೆ ಮೂರು ವರ್ಷ: ನಿಲ್ಲಿಸಿದ ಮೇಲೂ ಪ್ರೊಸೆಸರ್ ತಿನ್ನುತ್ತಿದ್ದದ್ದು ಯಾವುದು?

ದಾವಣಗೆರೆಯ ಪಿ.ಜೆ. ಬಡಾವಣೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇವೇ ಕೆಲಸ. ಅಲ್ಲಿನ ನಾಲ್ಕು ಕೋರ್‌ನ ಐ5 ಕಂಪ್ಯೂಟರಿನಲ್ಲಿ ಮೂರು ವರ್ಷದಿಂದ ಬೋಯಿಂಕ್ ಇದೆ. ಕಂಪ್ಯೂಟರ್ ಬಿಡುವಾಗಿರುವ ಹೊತ್ತಿನಲ್ಲಿ ಅದರ ಪ್ರೊಸೆಸರನ್ನು ವಿಜ್ಞಾನದ ಲೆಕ್ಕಗಳಿಗೆ ಕೊಡುವ ಉಚಿತ ತಂತ್ರಾಂಶ ಇದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅನ್ಯಗ್ರಹದ ಸಂಕೇತ ಹುಡುಕಲು 1999ರಲ್ಲಿ ಶುರುವಾದ ಸೆಟಿ@ಹೋಮ್ ಬೆಳೆದು, ಬೇರೆ ಯೋಜನೆಗಳಿಗೂ ಅದೇ ದಾರಿ ಬೇಕೆನಿಸಿದಾಗ ಇದನ್ನು ಕಟ್ಟಿದರು. ಸೆಟಿ 2020ರ ಮಾರ್ಚ್ 31ಕ್ಕೆ ಹೊಸ ಕೆಲಸ ಕಳಿಸುವುದನ್ನು ನಿಲ್ಲಿಸಿತು. ನಾನು ಬಂದದ್ದು ಅದಾದ ಮೇಲೆ, ಬೋಯಿಂಕ್‌ನಲ್ಲೇ ಓಡುವ ಐನ್‌ಸ್ಟೈನ್@ಹೋಮ್ ಯೋಜನೆಗಾಗಿ. 2010ರಲ್ಲಿ ಆ ಯೋಜನೆಯಲ್ಲಿ ಒಂದು ಹೊಸ ಪಲ್ಸಾರ್ (ಬಿರುಸಾಗಿ ತಿರುಗುವ ಒಂದು ಬಗೆಯ ನಕ್ಷತ್ರ) ಸಿಕ್ಕಿತಲ್ಲ, ಅದು ಕಂಡದ್ದು ಅಮೆರಿಕದ ಅಯೋವಾ ಮತ್ತು ಜರ್ಮನಿಯ ಸಾಮಾನ್ಯ ಜನರ ಕಂಪ್ಯೂಟರುಗಳಲ್ಲಿ. ಅದನ್ನು ಓದಿದ ದಿನವೇ ಡೌನ್‌ಲೋಡ್ ಮಾಡಿದೆ.

ಮೊದಲ ವರ್ಷ ಒಂದು ತೊಂದರೆಯೂ ಇರಲಿಲ್ಲ. ಆಮೇಲೆ ವರ್ಚುವಲ್ ಯಂತ್ರದೊಳಗೆ, ಅಂದರೆ ನಮ್ಮ ಕಂಪ್ಯೂಟರಿನೊಳಗೇ ತಂತ್ರಾಂಶ ಕಟ್ಟಿದ ಇನ್ನೊಂದು ಕಂಪ್ಯೂಟರಿನೊಳಗೆ, ಓಡುವ ಇನ್ನೊಂದು ಯೋಜನೆಗೂ ಸೇರಿಕೊಂಡೆ.

ಏಪ್ರಿಲ್ ತಿಂಗಳು, ಮದುವೆ ಸೀಸನ್. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಬೋಯಿಂಕ್ ನಿಲ್ಲಿಸಿ ಕೆಲಸಕ್ಕೆ ಕೂರುವುದು ನನ್ನ ರೂಢಿ. ಅವತ್ತೂ ನಿಲ್ಲಿಸಿದ್ದೆ. ಆದರೂ ಡಿಸೈನ್ ಮಾಡುವ ಕೋರೆಲ್ ತಂತ್ರಾಂಶದಲ್ಲಿ ಕಾರ್ಡಿನ ಅಂಚಿನ ಬಳ್ಳಿ ಎಳೆದರೆ ಮೌಸ್ ಹಿಂದೆ ಹಿಂದೆ ಉಳಿಯುತ್ತಿತ್ತು. ಪ್ರೂಫ್ ನೋಡಲು ಬಂದಿದ್ದ ಹಿರಿಯರು, "ಏನ್ರೀ, ನಿಮ್ ಕಂಪ್ಯೂಟರ್ ಯಾಕ್ ಹಿಂಗ್ ಗುಂಯ್ ಅಂತೈತಿ?" ಎಂದರು. ಡಬ್ಬದ ಪಕ್ಕಕ್ಕೆ ಕೈ ಇಟ್ಟೆ, ದೋಸೆ ಹೆಂಚಿನ ಅಂಚು ಮುಟ್ಟಿದ ಹಾಗಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ ತಡೆಯುತ್ತಿದ್ದ ಯುಪಿಎಸ್ ಹತ್ತೇ ನಿಮಿಷಕ್ಕೆ ಕೂಗಿ ಕೈಬಿಟ್ಟಿತು. ಉಳಿಸಿರದ ಬದಲಾವಣೆಗಳೆಲ್ಲ ಹೋದವು. ಅವರನ್ನು ಬಿಸಿಲಲ್ಲಿ ಮತ್ತೆ ಬರಹೇಳಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಮೊದಲು ನನ್ನದೇ ತಪ್ಪಿರಬಹುದೆಂದು ನೋಡಿದೆ. ಒಂದು ತಪ್ಪು ಇತ್ತು ಕೂಡ. ಗಡಿಯಾರದ ಪಕ್ಕದ ಬೋಯಿಂಕ್ ಚಿಹ್ನೆ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ನೂಜ್' ಒತ್ತುತ್ತಿದ್ದೆ. ಸ್ನೂಜ್ ಅಂದರೆ ಒಂದು ತಾಸಿನ ವಿರಾಮ ಅಷ್ಟೇ, ತಾಸು ಮುಗಿದರೆ ತಾನಾಗಿಯೇ ಶುರುವಾಗುತ್ತದೆ. ನಾವು ಮತ್ತೆ ಹೇಳುವ ತನಕ ನಿಂತಿರಬೇಕಾದರೆ ಬೋಯಿಂಕ್ ಕಿಟಕಿಯ ಅಡ್ವಾನ್ಸ್ಡ್ ನೋಟದ 'ಆಕ್ಟಿವಿಟಿ' ಮೆನುವಿಗೆ ಹೋಗಿ 'ಸಸ್ಪೆಂಡ್' ಆರಿಸಬೇಕು. ಕಿಟಕಿಯ ಮೂಲೆಯ ಗುಣಿಸು ಗುರುತು ಒತ್ತಿದರೂ ಏನೂ ನಿಲ್ಲುವುದಿಲ್ಲ. ನಮಗೆ ಕಾಣುವ ಮ್ಯಾನೇಜರ್ ಬರೀ ಮುಖ. ಲೆಕ್ಕ ಮಾಡಿಸುವ ಕ್ಲೈಂಟ್ ಹಿಂದೆ ಬೇರೆಯಾಗಿ ಓಡುತ್ತಿರುತ್ತದೆ.

ಅದನ್ನು ಸರಿಮಾಡಿಕೊಂಡ ಮೇಲೂ ಫ್ಯಾನ್ ಇಳಿಯಲಿಲ್ಲ. ಮ್ಯಾನೇಜರ್‌ನಲ್ಲಿ ಪ್ರತಿ ಸಾಲಿನ ಮುಂದೆಯೂ 'ಸಸ್ಪೆಂಡೆಡ್' ಎಂದೇ ಇತ್ತು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು 'ಡೀಟೇಲ್ಸ್'ನಲ್ಲಿ ಸಿಪಿಯು ಕಾಲಂ ಮೇಲೆ ಒತ್ತಿ, ಹೆಚ್ಚು ತಿನ್ನುತ್ತಿರುವುದು ಮೇಲೆ ಬರುವ ಹಾಗೆ ಮಾಡಿದೆ. ಐನ್‌ಸ್ಟೈನ್‌ನ ಪ್ರೋಗ್ರಾಂ ಪಟ್ಟಿಯಲ್ಲಿತ್ತು, ಆದರೆ ಅದರ ಮುಂದೆ ಸೊನ್ನೆ. ಇದರಲ್ಲಿ ಗಾಬರಿಪಡುವಂಥದ್ದಿಲ್ಲ. ನಿಲ್ಲಿಸಿದ ಕೆಲಸವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಆಯ್ಕೆಗೆ ಟಿಕ್ ಹಾಕಿದ್ದರೆ ಅದು ರ‍್ಯಾಮ್ ಹಿಡಿದುಕೊಂಡು ಸುಮ್ಮನೆ ಕೂತಿರುತ್ತದೆ, ಪ್ರೊಸೆಸರ್ ಮುಟ್ಟುವುದಿಲ್ಲ. ಎಲ್ಲಕ್ಕಿಂತ ಮೇಲೆ ಇದ್ದದ್ದು 'ವಿಬಾಕ್ಸ್‌ಹೆಡ್‌ಲೆಸ್', ಅಂದರೆ ವರ್ಚುವಲ್‌ಬಾಕ್ಸ್ ತಂತ್ರಾಂಶದಲ್ಲಿ ಆ ವರ್ಚುವಲ್ ಯಂತ್ರವನ್ನು ಓಡಿಸುವ ಪ್ರೋಗ್ರಾಂ. ಅದರ ಮುಂದೆ ಶೇಕಡಾ 25. ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ಅದರ ಪಾಲು! ಬೋಯಿಂಕ್ ಹೆಸರೇ ಇಲ್ಲದ್ದರಿಂದ ಅಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಇದು ಹೀಗೇಕಾಗುತ್ತದೆ ಎಂದು ತಿಳಿದುಕೊಳ್ಳಲು ಎರಡು ರಾತ್ರಿ ಕೂತೆ. ನಾವು ಸಸ್ಪೆಂಡ್ ಒತ್ತಿದಾಗ ಕ್ಲೈಂಟ್ ಯಾವ ಪ್ರೋಗ್ರಾಮನ್ನೂ ಕತ್ತು ಹಿಡಿದು ನಿಲ್ಲಿಸುವುದಿಲ್ಲ. ಇಬ್ಬರಿಗೂ ಕಾಣುವ ಮೆಮೊರಿಯ ಒಂದು ಮೂಲೆಯಲ್ಲಿ 'ನಿಲ್ಲು' ಎಂದು ಬರೆದಿಡುತ್ತದೆ, ಪ್ರೋಗ್ರಾಂ ಅದನ್ನು ಓದಿ ತಾನೇ ನಿಲ್ಲಬೇಕು. ಕ್ಲೈಂಟ್‌ನಿಂದ ಸುಮಾರು ಅರ್ಧ ನಿಮಿಷ ಸದ್ದಿಲ್ಲದಿದ್ದರೆ ಒಳ್ಳೆಯ ಪ್ರೋಗ್ರಾಂ ತಾನಾಗಿ ಮುಚ್ಚಿಕೊಳ್ಳುತ್ತದೆ ಕೂಡ. ವರ್ಚುವಲ್ ಯಂತ್ರದ ಕೆಲಸದಲ್ಲಿ ಮಾತ್ರ ನಡುವೆ ಇನ್ನೊಬ್ಬನಿರುತ್ತಾನೆ, 'ರ‍್ಯಾಪರ್' ಅಂತ. ಕ್ಲೈಂಟ್ ಮಾತು ಕೇಳಿಸಿಕೊಂಡು ಆ ಯಂತ್ರವನ್ನು ನಿಲ್ಲಿಸುವವನು ಅವನೇ. ಮೇಸ್ತ್ರಿ ಮಧ್ಯಾಹ್ನವೇ ಮನೆಗೆ ಹೋಗಿದ್ದರೆ, ಮಾಲೀಕ ಫೋನ್ ಮಾಡಿ ಕೆಲಸ ನಿಲ್ಲಿಸಿ ಎಂದದ್ದು ಆಳುಗಳಿಗೆ ಹೇಗೆ ಗೊತ್ತಾಗಬೇಕು? ನನ್ನಲ್ಲಿ ಆದದ್ದು ಇದೇ. ರ‍್ಯಾಪರ್ ಸತ್ತಿತ್ತು, ಯಂತ್ರ ಓಡುತ್ತಲೇ ಇತ್ತು.

ಪರಿಹಾರ ದೊಡ್ಡದೇನಲ್ಲ. ಮೆನುವಿನಿಂದ ಎಕ್ಸಿಟ್ ಕೊಟ್ಟು, ಓಡುತ್ತಿರುವ ಕೆಲಸಗಳನ್ನೂ ನಿಲ್ಲಿಸುವುದೇ ಎಂದು ಕೇಳಿದಾಗ ಟಿಕ್ ಹಾಕಿದೆ. ಆಮೇಲೆ ವರ್ಚುವಲ್‌ಬಾಕ್ಸ್ ತೆರೆದರೆ ಉದ್ದನೆಯ ಹೆಸರಿನ ಒಂದು ಯಂತ್ರ ಇನ್ನೂ 'ರನ್ನಿಂಗ್' ಎನ್ನುತ್ತಿತ್ತು. ಅದನ್ನು ಅಲ್ಲಿಂದಲೇ ಆಫ್ ಮಾಡಿದೆ. ಬೋಯಿಂಕ್ ಮತ್ತೆ ಶುರುಮಾಡಿ ಆ ಒಂದು ಕೆಲಸವನ್ನು ಅಬಾರ್ಟ್ (ರದ್ದು) ಮಾಡಿದೆ. ಹದಿನಾಲ್ಕು ತಾಸಿನ ಲೆಕ್ಕ ಹೋಯಿತು, ಹೊಟ್ಟೆ ಉರಿಯಿತು. ನಿಮಿಷದೊಳಗೆ ಫ್ಯಾನ್ ಇಳಿಯಿತು. ಕೋರೆಲ್ ಮೊದಲಿನ ಹಾಗೆ ಓಡಿತು.

ಎರಡು ತಿಂಗಳಲ್ಲಿ ಮತ್ತೆರಡು ಸಲ ಹೀಗೇ ಆದ ಮೇಲೆ ಅಂಗಡಿಯ ಕಂಪ್ಯೂಟರಿನಿಂದ ಆ ಯೋಜನೆಯನ್ನು ತೆಗೆದೇಬಿಟ್ಟೆ. ಗಿರಾಕಿ ಎದುರಿಗೆ ಕೂತಿರುವ ಕಡೆ ವರ್ಚುವಲ್ ಯಂತ್ರದ ಕೆಲಸ ಬೇಡ, 8 ಜಿಬಿ ರ‍್ಯಾಮಿನಲ್ಲಂತೂ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ನಿಮಗೂ ಹೀಗಾಗುತ್ತಿದ್ದರೆ ಮೊದಲು ಬೋಯಿಂಕ್ ತೆಗೆದುಹಾಕಲು ಹೋಗಬೇಡಿ, ಪ್ರೊಸೆಸರ್ ಹಿಡಿದಿರುವುದರ ಹೆಸರು ನೋಡಿ. ಒಮ್ಮೆ ನನ್ನಲ್ಲಿ ಅದು ಬೋಯಿಂಕ್‌ನ ಕಡತಗಳನ್ನು ತಿರುತಿರುಗಿ ಜಾಲಾಡುತ್ತಿದ್ದ ಆಂಟಿವೈರಸ್ ಆಗಿತ್ತು. ಇವೆಂಟ್ ಲಾಗ್ ಕೂಡ ನೋಡಿ (ಕಂಟ್ರೋಲ್, ಶಿಫ್ಟ್, ಇ); ಯಾವಾಗ ನಿಂತಿತು, ಏಕೆ ಮತ್ತೆ ಶುರುವಾಯಿತು ಎಂಬುದು ಅಲ್ಲಿ ಹೊತ್ತಿನ ಸಮೇತ ಸಿಗುತ್ತದೆ.

ಈಗಿನ ನನ್ನ ಸೆಟ್ಟಿಂಗ್: ನಾಲ್ಕರಲ್ಲಿ ಎರಡೇ ಕೋರ್, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ. ಸಿಪಿಯು ಸಮಯದ ಶೇಕಡಾ ಕಡಿಮೆ ಮಾಡುವ ಆಯ್ಕೆಯನ್ನು ನೂರಕ್ಕೇ ಬಿಟ್ಟಿದ್ದೇನೆ. ಅದನ್ನು ಇಳಿಸಿದರೆ ಲೆಕ್ಕ ಕ್ಷಣಕ್ಷಣಕ್ಕೂ ನಿಂತು ಓಡುತ್ತದೆ, ಫ್ಯಾನ್ ಏರಿಳಿಯುತ್ತದೆ. ಬ್ಯಾಟರಿಯಲ್ಲಿದ್ದಾಗ ನಿಲ್ಲಿಸುವ ಆಯ್ಕೆ ಲ್ಯಾಪ್‌ಟಾಪಿಗೆ ಸರಿ, ನಮ್ಮಂಥವರ ಸಾದಾ ಯುಪಿಎಸ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಕರೆಂಟ್ ಬಿಲ್ ತಿಂಗಳಿಗೆ ಸುಮಾರು 150 ರೂಪಾಯಿ ಹೆಚ್ಚು ಬರುತ್ತದೆ, ಅದನ್ನು ಸಂತೋಷದಿಂದ ಕಟ್ಟುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆ ಕೊಟ್ಟ ಒಂದು ಸ್ಟಾರ್ ಆ 'ಸಸ್ಪೆಂಡೆಡ್' ಪದಕ್ಕೆ. ಆ ಸಾಲಿನ ಪಕ್ಕದಲ್ಲೇ ಕೆಲಸ ನಿಜಕ್ಕೂ ಎಷ್ಟು ಪ್ರೊಸೆಸರ್ ಹಿಡಿದಿದೆ ಎಂಬ ಅಂಕಿ ತೋರಿಸಿದ್ದರೆ, ಆ ಹಿರಿಯರು ಎರಡು ಸಲ ಬರಬೇಕಾಗಿರಲಿಲ್ಲ.