ನಾಟಕವನ್ನ ಮೊದಲೇ ಓದಿಕೊಂಡು ಹೋಗಬೇಕಾ, ಸುಮ್ನೆ ಹೋಗಿ ನೋಡಬೇಕಾ?

ತುಮಕೂರಿನಲ್ಲಿ ವಿಶ್ವವಿದ್ಯಾಲಯದ ಹುಡುಗರು ಹಾಸ್ಯ ನಾಟಕ ಆಡುತ್ತಾರೆ ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೈಲಾಸಂ ನಾಟಕವಾದರೆ ಖಂಡಿತ ಓದಿಕೊಂಡು ಹೋಗಿ. ಅವರದು ಮನೆಮಾತಿನ ಕನ್ನಡ, ನಡುನಡುವೆ ಇಂಗ್ಲಿಷು. ಆಡುವ ಹಾಗೇ ಅಚ್ಚಾಗಿರುವ ಮಾತು ಕಣ್ಣಲ್ಲಿ ಓದಿದರೆ ತೊಡರುತ್ತದೆ, ಬಾಯಿಬಿಟ್ಟು ಓದಿದರೆ ಸಲೀಸು. ರಂಗದ ಮೇಲೆ ಅದೇ ಮಾತು ಎಷ್ಟು ವೇಗವಾಗಿ ಬರುತ್ತದೆ ಅಂದರೆ, ಒಂದಕ್ಕೆ ಜನ ನಗುತ್ತಿರುವಾಗ ಮುಂದಿನ ಎರಡು ಮಾತು ಆ ನಗುವಿನಲ್ಲೇ ಮುಳುಗಿಹೋಗುತ್ತವೆ. ಓದಿದ್ದವರಿಗೆ ಅದು ಕೈತಪ್ಪುವುದಿಲ್ಲ.

ಆದರೆ ಪುಸ್ತಕದಲ್ಲಿ ಮಾತಿಲ್ಲದ ಪಾತ್ರ ನಮಗೆ ಮರೆತೇ ಹೋಗುತ್ತದೆ ಅಲ್ವಾ? ರಂಗದ ಮೇಲೆ ಅವನು ಅಲ್ಲೇ ನಿಂತಿರುತ್ತಾನೆ. ನಾನು ನೋಡಿದ ಒಂದು ಪ್ರದರ್ಶನದಲ್ಲಿ ಯಜಮಾನ ಬಡಾಯಿ ಕೊಚ್ಚುತ್ತಿದ್ದಷ್ಟು ಹೊತ್ತೂ ಕೆಲಸದವನ ಪಾತ್ರದ ಹುಡುಗ ಒಂದೇ ಕುರ್ಚಿಯನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಲೇ ಇದ್ದ. ಸುಳ್ಳು ದೊಡ್ಡದಾದಂತೆ ಕೈ ನಿಧಾನವಾಗುತ್ತಿತ್ತು. ಪುಸ್ತಕದಲ್ಲಿ ಇದರ ಒಂದು ಸಾಲೂ ಇರಲಿಲ್ಲ!

ವೇಷ ಮರೆಸುವ, ಗುರುತು ತಪ್ಪುವ ಕಥೆಯಾದರೆ ಓದಬೇಡಿ, ಗುಟ್ಟು ಬಯಲಾಗುತ್ತದೆ. ಕಂಪನಿ ನಾಟಕಕ್ಕೂ ಅಷ್ಟೇ. ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದಲೇ ಮನೆಮಾತಾದರು. ಅಲ್ಲಿನ ಹಾಡು, ಸಮಯಸ್ಫೂರ್ತಿಯ ಮಾತು ಕಾಗದದ ಮೇಲೆ ಎಲ್ಲಿ ಸಿಗಬೇಕು?

ಕಾಲೇಜು ಹುಡುಗರ ದನಿ ಹಿಂದಿನ ಸಾಲಿಗೆ ತಲುಪುವುದು ಕಷ್ಟ. ಓದದೆ ಹೋಗುವವರು ಬೇಗ ಹೋಗಿ ಮುಂದೆ ಕೂತುಕೊಳ್ಳಿ.