ಶ್ರುತಿಗೆ ಅಡ್ಡ ಬಾರದ ಕಂಪ್ಯೂಟರ್: ಮನೆಯಲ್ಲಿ ಹೂಡಿ ನೋಡಿದ ಎರಡು ಬಗೆ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಮ್ಮ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ಅಲ್ಲೇ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್‌ನ ಫ್ಯಾನ್ ಸದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಅವರಿಗೆ ಅದು ದಿನವೂ ಹಿಂಸೆ. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ಏಳು ಎಸಳಿನ ಫ್ಯಾನ್ ನಿಮಿಷಕ್ಕೆ 1700 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 198 ಬಾರಿ ಗಾಳಿಯನ್ನು ಸೀಳುತ್ತದೆ. ಅಮ್ಮನದು ಐದು ಮನೆ ಶ್ರುತಿ. ಅದರ ಷಡ್ಜ, ಅಂದರೆ ಆಧಾರ ಸ್ವರ 'ಸ', 196 ಹರ್ಟ್ಸ್. ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಮೇಲೆ ನಿಂತ ಇನ್ನೊಂದು ಷಡ್ಜ, ಅದೂ ಯಂತ್ರ ಬಿಸಿಯಾದಂತೆ ಏರುತ್ತ ಹೋಗುವಂಥದ್ದು. ಕಲಿಯುವ ಮಕ್ಕಳ ಕಿವಿಗೆ ಇದಕ್ಕಿಂತ ಕೇಡು ಬೇಕೇ?

ಆದ್ದರಿಂದ ಸದ್ದು ಮಾಡುವ ಯಂತ್ರವನ್ನು ಅಡುಗೆಮನೆಯ ಆಚೆಗಿನ ಉಗ್ರಾಣಕ್ಕೆ ಸಾಗಿಸಿದೆ. ಆರು ಕೋರ್, 32 ಜಿಬಿ ರ್‍ಯಾಮ್ ಇರುವ ಒಂದು ಲಿನಕ್ಸ್ ಯಂತ್ರ, ಅದಕ್ಕೊಂದು ಯುಪಿಎಸ್, ಅಲ್ಲಿಂದ ಮೂರು ಕೋಣೆಗಳಿಗೆ ಕ್ಯಾಟ್ 6 ನೆಟ್‌ವರ್ಕ್ ಕೇಬಲ್. ಕೋಣೆಗಳಲ್ಲಿ ಫ್ಯಾನ್ ಇಲ್ಲದ ಥಿನ್ ಕ್ಲೈಂಟ್‌ಗಳು, ಅಂದರೆ ಉಗ್ರಾಣದ ಯಂತ್ರವನ್ನು ನೆಚ್ಚಿಕೊಂಡ ಪುಟ್ಟ ಕಂಪ್ಯೂಟರ್‌ಗಳು. ವೈಫೈಯಲ್ಲೇ ಮುಗಿಸೋಣವೆಂಬ ಆಸೆಯನ್ನು ಮೊದಲ ವಾರವೇ ಬಿಟ್ಟೆ. ಹಳೆಯ ಮನೆಯ ದಪ್ಪ ಗೋಡೆಗಳು ಅದಕ್ಕೆ ಅವಕಾಶ ಕೊಡಲಿಲ್ಲ.

ಮೊದಲ ಬಗೆ: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್, ಅದರಿಂದ ಎಕ್ಸ್‌ಆರ್‌ಡಿಪಿ ಎಂಬ, ದೂರದ ಯಂತ್ರದ ಪರದೆಯನ್ನು ತೋರಿಸುವ ತಂತ್ರಾಂಶದ ಮೂಲಕ ಉಗ್ರಾಣದ ಯಂತ್ರಕ್ಕೆ ಲಾಗಿನ್. ಕೆಲಸವೆಲ್ಲ ಉಗ್ರಾಣದಲ್ಲಿ ನಡೆಯುತ್ತದೆ. ಕೋಣೆಗೆ ಬರುವುದು ಪರದೆಯ ಚಿತ್ರ ಮತ್ತು ಧ್ವನಿ ಮಾತ್ರ. ಪೈ 80 ಡಿಗ್ರಿ ಮುಟ್ಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಹಾಗಾಗಿ ಇಡೀ ಕವಚವೇ ಶಾಖ ಹೀರುವಂಥ ಅಲ್ಯೂಮಿನಿಯಂ ಪೆಟ್ಟಿಗೆ ಕೊಂಡೆ. ನಿಶ್ಶಬ್ದದ ಮಟ್ಟಿಗೆ ಒಂದು ಮಾತೂ ಆಡುವಂತಿಲ್ಲ. ಪತ್ರ ಬರೆಯಲು, ಲೆಕ್ಕದ ಹಾಳೆಗೆ, ಸುದ್ದಿ ಓದಲು ಚುರುಕಾಗಿಯೇ ಇತ್ತು.

ಸೋತದ್ದು ವಿಡಿಯೋ ಮತ್ತು ಧ್ವನಿಯಲ್ಲಿ. 1920ಕ್ಕೆ 1080ರ ಪರದೆಯ ಒಂದು ಚಿತ್ರವೆಂದರೆ ಸುಮಾರು 6 ಎಂಬಿ. ಸೆಕೆಂಡಿಗೆ 25 ಚಿತ್ರವಾದರೆ 155 ಎಂಬಿ. ಗಿಗಾಬಿಟ್ ತಂತಿಯಲ್ಲಿ ಹರಿಯಬಹುದಾದ್ದು ಹೆಚ್ಚೆಂದರೆ 125. ಆದ್ದರಿಂದ ಚಿತ್ರವನ್ನು ಅಲ್ಲಿ ಹಿಂಡಿ ಇಲ್ಲಿ ಬಿಡಿಸಲೇಬೇಕು. ನಮ್ಮಲ್ಲಿ ಆ ಹೊತ್ತಿಗೆ ಚಿತ್ರ ತಡವರಿಸುತ್ತಿತ್ತು, ಧ್ವನಿ ಹಿಂದೆ ಬೀಳುತ್ತಿತ್ತು. ಸಂಗೀತ ಕಛೇರಿಯ ವಿಡಿಯೋ ತೋರಿಸುವಾಗ ಮೃದಂಗಕ್ಕೆ ಪೆಟ್ಟು ಬಿದ್ದ ಮೇಲೆ ನಾದ ಬರುತ್ತಿತ್ತು. ತಾಳ ಕಲಿಸುವವರು ಅದನ್ನು ಹೇಗೆ ಒಪ್ಪಿಯಾರು? ಅಮ್ಮ ಎರಡು ದಿನ ತಾಳಿಕೊಂಡು, ಮೂರನೆಯ ದಿನ ಪರದೆ ಆರಿಸಿ ತಾವೇ ಹಾಡಿ ತೋರಿಸಿದರು.

ಎರಡನೆಯ ಬಗೆ: ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್. 1999ರಲ್ಲಿ ಶುರುವಾದ ಯೋಜನೆ ಇದು. 2019ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಹೆಸರಿನಲ್ಲಿ ಟರ್ಮಿನಲ್ ಇದ್ದರೂ ಇಂದಿನ ಎಲ್‌ಟಿಎಸ್‌ಪಿಯಲ್ಲಿ ತಂತ್ರಾಂಶಗಳು ಓಡುವುದು ಕೋಣೆಯ ಯಂತ್ರದಲ್ಲೇ. ಅದರಲ್ಲಿ ಡಿಸ್ಕ್ ಮಾತ್ರ ಇರುವುದಿಲ್ಲ. ಗುಂಡಿ ಒತ್ತಿದರೆ ಅದು ತಂತಿಯ ಮೂಲಕ ಉಗ್ರಾಣವನ್ನು ಕೇಳಿ, ಅಲ್ಲಿನ ಒಂದೇ ಇಮೇಜ್‌ನಿಂದ, ಅಂದರೆ ಇಡೀ ವ್ಯವಸ್ಥೆಯನ್ನು ಅಡಕಗೊಳಿಸಿದ ಕಡತದಿಂದ, ಎದ್ದು ನಿಲ್ಲುತ್ತದೆ. ಮನೆಯ ರೂಟರ್‌ನಲ್ಲಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಮುಟ್ಟಬೇಕಾಗಿಲ್ಲ. ಐಪಿ ವಿಳಾಸ ರೂಟರೇ ಕೊಡುತ್ತದೆ, ಯಂತ್ರ ಏಳಲು ಬೇಕಾದ ಬೂಟ್ ಕಡತ ಎಲ್ಲಿದೆ ಎಂಬುದನ್ನಷ್ಟೇ ಉಗ್ರಾಣದ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಹೇಳುತ್ತದೆ. ಹೊಸ ತಂತ್ರಾಂಶ ಬೇಕೆಂದರೆ ಉಗ್ರಾಣದಲ್ಲಿ ಒಮ್ಮೆ ಹಾಕಿ ಇಮೇಜ್ ಮತ್ತೆ ಕಟ್ಟಿದರೆ ಮುಗಿಯಿತು.

ಇದಕ್ಕೆ ಪೈಗಳನ್ನೇ ಬಳಸಬಹುದಿತ್ತು, ಆದರೆ ಅವು ಎಆರ್‌ಎಂ ಎಂಬ ಬೇರೆ ಬಗೆಯ ಚಿಪ್‌ನವು. ಅವಕ್ಕೆ ಬೇರೆಯದೇ ಇಮೇಜ್ ಸಾಕಬೇಕು. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಯಾವುದೋ ಕಚೇರಿಯಿಂದ ಬಿಡುಗಡೆಯಾಗಿ ಬಂದಿದ್ದ ಎರಡು ಡೆಲ್ ವೈಸ್ 5070 ಥಿನ್ ಕ್ಲೈಂಟ್‌ಗಳನ್ನು ತಂದೆ. ನಾಲ್ಕು ಕೋರ್‌ನ ಸೆಲೆರಾನ್ ಜೆ4105, ಫ್ಯಾನ್ ಇಲ್ಲ. ರ್‍ಯಾಮ್ ಅನ್ನು 8 ಜಿಬಿಗೆ ಏರಿಸಿದೆ. ಇಂಥ ಹಳೆಯ ಸರಕು ಕೊಳ್ಳುವವರು ಹಣ ಕೊಡುವ ಮೊದಲು ಬಯೋಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳು) ಒಳಗೆ ಹೋಗಿ ನೋಡಿ. ಹಿಂದಿನವರ ಪಾಸ್‌ವರ್ಡ್ ಉಳಿದಿದ್ದರೆ ನೆಟ್‌ವರ್ಕ್ ಬೂಟ್ ಆನ್ ಮಾಡಲು ಪರದಾಡಬೇಕಾಗುತ್ತದೆ. ಪರದೆಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಬೇಕೆಂಬುದನ್ನೂ ಮರೆಯಬೇಡಿ.

ಎದ್ದ ಮೊದಲ ಸಂಜೆಯೇ ವ್ಯತ್ಯಾಸ ಕಂಡಿತು. ವಿಡಿಯೋವನ್ನು ಬಿಡಿಸುವುದು ಮೇಜಿನ ಮೇಲಿನ ಚಿಪ್, ಧ್ವನಿ ಹೊರಡುವುದು ಅದರದೇ ಸೌಂಡ್ ಕಾರ್ಡ್‌ನಿಂದ. ಮೃದಂಗ ಮತ್ತು ನಾದ ಒಂದಾದವು. ಅಮ್ಮ ಮಕ್ಕಳ ಹಾಡನ್ನು ಮೈಕ್‌ನಲ್ಲಿ ಹಿಡಿದು, ನಿಧಾನಗೊಳಿಸಿ, ಗಮಕ ಎಲ್ಲಿ ಜಾರಿತು ಎಂದು ತೋರಿಸುತ್ತಾರೆ. ಅದು ಮೊದಲ ಬಗೆಯಲ್ಲಿ ನಮಗೆ ಸಾಧ್ಯವೇ ಆಗಿರಲಿಲ್ಲ. ಎಲ್‌ಟಿಎಸ್‌ಪಿ ಬಳಕೆದಾರರ ಕಡತಗಳನ್ನು ಎಸ್‌ಎಸ್‌ಎಚ್‌ಎಫ್‌ಎಸ್ ಎಂಬ ಗೂಢಲಿಪಿಯ ಹಾದಿಯ ಮೂಲಕ ಉಗ್ರಾಣದಿಂದ ತೋರಿಸುತ್ತದೆ. ಬ್ರೌಸರ್ ಅಲ್ಲಿ ತಿಣುಕಿದ್ದರಿಂದ ಗೂಢಲಿಪಿ ಇಲ್ಲದ ಎನ್‌ಎಫ್‌ಎಸ್ ಹಾದಿಗೆ ಬದಲಾಯಿಸಿಕೊಂಡೆ. ಮನೆಯೊಳಗಿನ ನೆಟ್‌ವರ್ಕ್‌ಗೆ ಸರಿ, ಹೊರಗಿನವರು ಸೇರುವ ಕಡೆ ಹಾಗೆ ಮಾಡಲಾರೆ.

ಆದರೂ ಪೈಯನ್ನು ತೆಗೆದುಹಾಕಿಲ್ಲ. ಅದು ಅಪ್ಪನ ಮೇಜಿನ ಮೇಲಿದೆ. ಕರೆಂಟು ಹೋದರೆ ವೈಸ್‌ನಲ್ಲಿ ಉಳಿಸದ ಕೆಲಸವೆಲ್ಲ ಹೋಯಿತೆಂದೇ ಅರ್ಥ, ಅದರ ರ್‍ಯಾಮ್ ಅದರ ಬಳಿಯೇ ಇರುವುದರಿಂದ. ಅಪ್ಪನ ಅರ್ಧ ಬರೆದ ಪತ್ರ ಮಾತ್ರ ಉಗ್ರಾಣದಲ್ಲಿ, ಯುಪಿಎಸ್‌ನ ಆಶ್ರಯದಲ್ಲಿ, ಕರ್ಸರ್ ಮಿನುಗುತ್ತಿದ್ದ ಸಾಲಿನಲ್ಲೇ ಕಾದಿರುತ್ತದೆ. ಅವರಿಗೆ ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಬೇಕು. ಕನ್ನಡ ಇನ್‌ಪುಟ್ ಅನ್ನು ಪೈಯಲ್ಲೂ ಉಗ್ರಾಣದ ಸರ್ವರ್‌ನಲ್ಲೂ ಇಟ್ಟಾಗ ಅಕ್ಷರಗಳು ಕಲಸಿಹೋದವು. ಪೈಯಲ್ಲಿ ಇಂಗ್ಲಿಷ್ ಮಾತ್ರ ಉಳಿಸಿ, ಕನ್ನಡವನ್ನು ಸರ್ವರ್‌ಗೆ ಒಪ್ಪಿಸಿದ ಮೇಲೆ ಒತ್ತಕ್ಷರವೊಂದೂ ತಪ್ಪಿಲ್ಲ. ನಡುಮನೆಯ ವೈಸ್‌ಗೂ ಈಗ ಪುಟ್ಟ ಯುಪಿಎಸ್ ಒಂದನ್ನು ಕೊಳ್ಳಬೇಕಾಗಿದೆ. ಎಲ್‌ಟಿಎಸ್‌ಪಿ ಆರಿಸುವವರು ಈ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಇನ್ನೊಂದು ವಿಷಯ. ಫ್ಯಾನ್ ಇಲ್ಲದ ಎರಡನೆಯ ವೈಸ್ ಅನ್ನು ಮಗಳ ಓದುವ ಕೋಣೆಯಲ್ಲಿಟ್ಟಾಗ, ಅದು ಸಣ್ಣಗೆ ಸಿಳ್ಳೆ ಹಾಕುತ್ತದೆ ಎಂದು ಅವಳು ಹೇಳಿದಳು. ನನಗೂ ಅಮ್ಮನಿಗೂ ಏನೂ ಕೇಳಿಸಲಿಲ್ಲ. ಅಷ್ಟು ಎತ್ತರದ ಸ್ವರ ವಯಸ್ಸಾದಂತೆ ಕಿವಿಗೆ ಎಟುಕುವುದಿಲ್ಲ. ಹುಡುಕಿದರೆ ಸದ್ದು ಯಂತ್ರದ್ದಲ್ಲ, ಬೇರೆ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡಿದ್ದ ಪವರ್ ಅಡಾಪ್ಟರ್‌ನದು. ಹೊಸ ಅಡಾಪ್ಟರ್ ಹಾಕಿ, ಅವಳನ್ನೇ ಪಕ್ಕದಲ್ಲಿ ಕೂರಿಸಿ ಕೇಳಿಸಿದೆ. ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳಿ, ಇಲ್ಲವೆಂದು ತಲೆ ಅಲ್ಲಾಡಿಸಿದಳು.